ಅಮಸಿದ್ದನ ಕೆಮ್ಮು

ಹೆಳವರ ಅಮಸಿದ್ದನಿಗೆ ಮರೆಯುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವನ ಪಾಲಿಗೆ ಬಂದ ಮನೆತನಗಳ ವಂಶಾವಳಿ ಪೂರ್ತಿ ಅವನ ಬಾಯಲ್ಲೇ ಇತ್ತು. ಸುಗ್ಗಿ ಮುಗಿದದ್ದೇ ತಡ, ಎತ್ತಿನ ಮೇಲೆ ಕೂತು ಊರೂರು ತಿರುಗುವುದು, ನಸುಕಿನಲ್ಲಿ ಮನೆ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಹೆಸರು, ಎಲ್ಲರ ಕತೆ ಹೇಳುವುದು, ಜೋಳವೋ ಸೀರೆಯೋ ಕೊಟ್ಟದ್ದನ್ನು ಇಸಿದುಕೊಂಡು ಮುಂದಿನ ಮನೆಗೆ ಹೋಗುವುದು. ಹೆಳವನ ಬದುಕೆಂದರೆ ಇಷ್ಟೇ.

ಕಲಿಸಿದವನು ಅಪ್ಪ. ಅಪ್ಪ ಎಲ್ಲಿ ದನಿ ಏರಿಸಿದನೋ ಅಲ್ಲಿ ಇವನೂ ಏರಿಸಬೇಕು, ಎಲ್ಲಿ ಮೀಸೆ ತೀಡಿದನೋ ಅಲ್ಲಿ ಇವನೂ ತೀಡಬೇಕು. ತಂಗಡಗಿಯ ರೇವಪ್ಪನ ಮನೆತನ ಹೇಳುವಾಗ ಮಲಕಾಜಪ್ಪ ಎಂಬ ಹಿರಿಯನ ಹೆಸರು ಬಂದ ಕೂಡಲೇ ಅಪ್ಪ ಉದ್ದಕ್ಕೆ ಕೆಮ್ಮುತ್ತಿದ್ದ. ಅಮಸಿದ್ದ ಆ ಕೆಮ್ಮನ್ನೂ ಕಲಿತ. ಎದೆ ಕಲ್ಲಿನಂತೆ ಗಟ್ಟಿಯಿದ್ದರೂ ಮಲಕಾಜಪ್ಪನ ಹತ್ತಿರ ಕೆಮ್ಮದೆ ಅವನು ಮುಂದೆ ಹೋಗುತ್ತಿರಲಿಲ್ಲ. ತಂಗಡಗಿಯವರು ಪಾಪ, ಹೆಳವನಿಗೆ ದಮ್ಮು ಇದೆ ಎಂದುಕೊಂಡು ಬೆಲ್ಲ, ಶುಂಠಿ ಕೊಟ್ಟು ಕಳಿಸುತ್ತಿದ್ದರು.

ನಾಡಿಗೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷ ಹೂವಿನ ಹಿಪ್ಪರಗಿಯ ಬಸಂತರಾಯ ಅವನಿಗೆ ಹೇಳಿಕಳಿಸಿದ. ಬಸಂತರಾಯ ಎಂದರೆ ಹೊಲ, ಬಾವಿ, ಹೆಗಲಿಗೊಂದು ರೇಡಿಯೊ, ಎಲ್ಲ ಇದ್ದ ಸಾವುಕಾರ. ಮಗಳು ಚನ್ನವ್ವನನ್ನು ತಂಗಡಗಿಯ ರೇವಪ್ಪನ ಮಗನಿಗೆ ಕೇಳಿದ್ದರು. ನಿಶ್ಚಯದ ದಿನ ಎರಡೂ ಮನೆತನಗಳನ್ನು ಹೆಳವ ಎಲ್ಲರೆದುರು ಹೇಳಲೇಬೇಕು, ಅದು ಅವರ ಪದ್ಧತಿ.

"ಅಮಸಿದ್ದಾ, ನಮ್ಮ ಮುತ್ತಜ್ಜ ಶ್ರೀಶೈಲಪ್ಪನ ಸುದ್ದಿ ಒಂದು ಐತಲ್ಲ, ಅದನ್ನ ತಗದುಬಿಡು" ಅಂದ ಬಸಂತರಾಯ.

ಆ ಸುದ್ದಿ ಹೀಗಿತ್ತು: "ಗೌಡರ ಹಗೇವಿಗೆ ಇಳದಾಂವ, ಜೋಳ ಕದಿಯಾಕ ಹೋಗಿ ಮ್ಯಾಲೆ ಏರಾಕ ಬರದಾಂವ, ಬೆಳತನಕ ಒಳಗ ಕುಂತು ಭಜನಿ ಹಾಡಿದಾಂವ." ನೆಲದೊಳಗೆ ಜೋಳ ತುಂಬಿಡುವ ಆ ಹಗೇವಿಗೆ ಕಳ್ಳ ಇಳಿದದ್ದನ್ನು ಪ್ರತಿ ವರ್ಷ ಕೇಳಿ ಊರವರು ನಗುತ್ತಿದ್ದರು. ಊರವರು ನಕ್ಕರೆ ನಗಲಿ, ಬೀಗರು ನಗಬಾರದಲ್ಲ.

"ತಗದ ಅಭ್ಯಾಸ ಇಲ್ರಿ ಸಾವ್ಕಾರ್ರ. ನಮ್ಮಪ್ಪ ಸೇರಸೂದು ಅಷ್ಟ ಕಲಿಸ್ಯಾನ್ರಿ."

"ಸಂಬಂಧ ಮುರದ್ರ ಮತ್ತ ನನ್ನ ಕಟ್ಟಿ ಹತ್ತಬ್ಯಾಡ ನೋಡು."

ಈ ಮಾತಿಗೆ ಅಮಸಿದ್ದ ಹೆದರಲಿಲ್ಲ. ಆದರೆ ದನ ಕಟ್ಟುವಲ್ಲಿ ಚನ್ನವ್ವ ಅಡ್ಡ ಬಂದು ನಿಂತಳು. ಆಕೆ ಹುಟ್ಟಿದ ವರ್ಷ ವಂಶಾವಳಿಯ ಕೊನೆಗೆ ಆಕೆಯ ಹೆಸರು ಕೂಡಿಸಿದವನು ಇವನೇ. "ಅಜ್ಜಾ, ಹುಡುಗ ನನ್ನ ಮನಸಿಗೆ ಬಂದಾನ. ಹೆಂಗರೆ ಮಾಡಿ ಆ ಕಳ್ಳನ್ನ ತಗಿ" ಅಂದಳು, ಕಣ್ಣಲ್ಲಿ ನೀರು. ಅಮಸಿದ್ದ ಹೂಂ ಅಂದುಬಿಟ್ಟ.

ಅಂದಿದ್ದೇನೋ ಅಂದ, ಫಜೀತಿ ಶುರುವಾದದ್ದು ಆಮೇಲೆ. ಊರ ಹೊರಗೆ ಬೇವಿನ ಗಿಡದ ಕೆಳಗೆ ಹೆಂಡತಿ ಲಕ್ಕವ್ವನನ್ನು ಬೀಗರ ಜಾಗದಲ್ಲಿ ಕೂರಿಸಿ ತಾಲೀಮು ಹಿಡಿದ. ಮೊದಲು ಆ ಸುದ್ದಿಯನ್ನು ಹಾರಿಸಿ ನೋಡಿದ. ಶ್ರೀಶೈಲಪ್ಪ ಅಂದ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಹಿಂದೆ ಹೋಗಲೊಲ್ಲದು, ಮುಂದೆ ಬರಲೊಲ್ಲದು. ಎತ್ತು ಕೂಡ ಮೇಯುವುದು ಬಿಟ್ಟು ಅವನ ಮುಖ ನೋಡಿತು.

ಹೋಗಲಿ ಎಂದು ಶ್ರೀಶೈಲಪ್ಪನನ್ನೇ ಪೂರ್ತಿ ಕಿತ್ತ. ಕಿತ್ತರೆ ಅವನ ಹೊಟ್ಟೆಯಲ್ಲಿ ಹುಟ್ಟಿದವರೆಲ್ಲ ಅವನ ಜೊತೆಗೇ ಕಿತ್ತು ಬಂದರು. ಮಗನಿಲ್ಲ, ಮೊಮ್ಮಗನಿಲ್ಲ, ಬಸಂತರಾಯನ ಸುಳಿವೇ ಇಲ್ಲ.

"ಹಂಗಾರ ಸಾವ್ಕಾರ್ರು ಸಂತ್ಯಾಗ ಸಿಕ್ಕಾರೇನು?" ಅಂದಳು ಲಕ್ಕವ್ವ.

ಮೂರನೆಯ ಸಲ ಜಾಣತನ ಮಾಡಿದ. ಶ್ರೀಶೈಲಪ್ಪನನ್ನು ಉಳಿಸಿಕೊಂಡು ಕಳ್ಳತನವನ್ನಷ್ಟೇ ಮುಂದಕ್ಕೆ ತಳ್ಳಿದ. ಅದು ಶ್ರೀಶೈಲಪ್ಪನ ಮಗನ ಮೇಲೆ ಕೂತಿತು. ಅಲ್ಲಿಂದ ತಳ್ಳಿದರೆ ಮೊಮ್ಮಗನ ಮೇಲೆ. ಹಾಗೇ ತಳ್ಳುತ್ತ ತಳ್ಳುತ್ತ ಕೊನೆಗೆ ಸ್ವತಃ ಬಸಂತರಾಯನೇ ರೇಡಿಯೊ ಸಮೇತ ಗೌಡರ ಹಗೇವಿನಲ್ಲಿ ಕೂತು ಭಜನೆ ಹಾಡಿದ. ಲಕ್ಕವ್ವ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅಮಸಿದ್ದನಿಗೆ ಅಳು ಬಂದಿತ್ತು. ಒಂದು ಬಡ ಕಳ್ಳನನ್ನು ಓಡಿಸಲಾರದ ಬಾಯಿ ಬಾಯಿಯೇ ಅಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ನಗು ತಹಬಂದಿಗೆ ಬಂದ ಮೇಲೆ ಲಕ್ಕವ್ವ ಅಂದಳು: "ಸುಮ್ನ ತಗದ್ರ ತಗ್ಗ ಬೀಳತೈತಿ. ತಗ್ಗಿನ್ಯಾಗ ಏನರೆ ತುಂಬು. ತಂಗಡಗ್ಯವರ ಮಲಕಾಜಪ್ಪನ ಹಂತೇಲಿ ಕೆಮ್ಮತಿಯಲ್ಲ, ಇಲ್ಲೂ ಹಂಗ ಕೆಮ್ಮು."

ಕೆಮ್ಮಿದ. ಏನು ಹೇಳಲಿ, ಬಾಗಿಲ ಚೌಕಟ್ಟಿಗೆ ಬಾಗಿಲು ಕೂತಂತೆ ಕೂತಿತು. ಶ್ರೀಶೈಲಪ್ಪ, ಕೆಮ್ಮು, ಅವನ ಮಗ, ಮೊಮ್ಮಗ, ಬಸಂತರಾಯ, ಚನ್ನವ್ವ, ಎಲ್ಲರೂ ಸಾಲಾಗಿ ಬಂದು ನಿಂತರು. ಅಮಸಿದ್ದ ಹಿಗ್ಗಿ ಹೀರೇಕಾಯಿಯಾದ. ಹಿಪ್ಪರಗಿಯ ಮನೆತನವನ್ನೇ ಮತ್ತೆ ಮತ್ತೆ ಹೇಳಿ ನೋಡಿ ಗಟ್ಟಿ ಮಾಡಿಕೊಂಡ. ತಂಗಡಗಿಯದನ್ನು ಮುಟ್ಟಲೇ ಇಲ್ಲ, ಅದು ಸರಿಯಾಗೇ ಇತ್ತಲ್ಲ.

ನಿಶ್ಚಯದ ದಿನ ಪಡಸಾಲೆ ತುಂಬ ಜನ. ಒಂದು ಕಡೆ ಬಸಂತರಾಯ, ಎದುರಿಗೆ ರೇವಪ್ಪ, ಅವನ ಪಕ್ಕದಲ್ಲಿ ಅವನ ಹಣ್ಣುಮುದುಕಿ ತಾಯಿ ಬಾಳಮ್ಮ. ಅಮಸಿದ್ದ ಹಿಪ್ಪರಗಿಯ ಮನೆತನ ಶುರು ಮಾಡಿದ. ಶ್ರೀಶೈಲಪ್ಪನ ಹೆಸರು ಬಂತು. ಕೆಮ್ಮಿದ. ದಾಟಿದ. ಬಸಂತರಾಯ ಉಸಿರು ಬಿಟ್ಟ. ಒಳಬಾಗಿಲಲ್ಲಿ ಚನ್ನವ್ವ ಸೆರಗು ಬಾಯಿಗಿಟ್ಟುಕೊಂಡಳು.

ಆಮೇಲೆ ತಂಗಡಗಿಯದು. ಅಮಸಿದ್ದ ಆರಾಮಾಗಿ ಹೇಳುತ್ತ ಮಲಕಾಜಪ್ಪನ ಹತ್ತಿರ ಬಂದು ಬಾಯಿ ತೆರೆದ. ಕೆಮ್ಮು ಬರಲಿಲ್ಲ. ಅದನ್ನು ಅತ್ತ ಖರ್ಚು ಮಾಡಿಯಾಗಿತ್ತು. ನಾಲಿಗೆ ಮೇಲೆ ಉಳಿದದ್ದು ಹಿಪ್ಪರಗಿಯಿಂದ ತೆಗೆದ ಮಾಲು ಒಂದೇ. ಅದೇ ಹೊರಬಿತ್ತು.

"ಮಲಕಾಜಪ್ಪ, ಗೌಡರ ಹಗೇವಿಗೆ ಇಳದಾಂವ, ಜೋಳ ಕದಿಯಾಕ ಹೋಗಿ ಮ್ಯಾಲೆ ಏರಾಕ ಬರದಾಂವ, ಬೆಳತನಕ ಒಳಗ ಕುಂತು ಭಜನಿ ಹಾಡಿದಾಂವ."

ಹುಡುಗಿಯ ಬಾಳು ತನ್ನ ಬಾಯಿಂದಲೇ ಹಾಳಾಯಿತಲ್ಲ ಎಂದು ಅಮಸಿದ್ದ ನೆಲ ನೋಡುತ್ತ ನಿಂತ.

"ನಿನಗ ಯಾರು ಹೇಳಿದ್ರೋ ಇದನ್ನ?" ಅಂದಳು ಬಾಳಮ್ಮ. "ನಾ ಸೊಸಿಯಾಗಿ ಬಂದ ವರ್ಷ ನಮ್ಮ ಮಾವ ನಿಮ್ಮಪ್ಪಗ ಒಂದು ಆಕಳ ಕೊಟ್ಟು ಇದನ್ನ ತಗಿಸಿದ್ದ. ತಗದೇನಿ ಅಂತ ಆಣಿ ಮಾಡಿದ್ದ ನಿಮ್ಮಪ್ಪ."

ಅಮಸಿದ್ದನಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಅಪ್ಪನಿಗೂ ತೆಗೆಯಲು ಬಂದಿರಲಿಲ್ಲ. ಅವನೂ ಮಲಕಾಜಪ್ಪನಿಂದ ಕಿತ್ತು ಶ್ರೀಶೈಲಪ್ಪನ ಮೇಲೆ ಇಟ್ಟಿದ್ದ, ತಗ್ಗಿಗೆ ಕೆಮ್ಮು ತುಂಬಿದ್ದ. ಪಾಪದ ಶ್ರೀಶೈಲಪ್ಪ ಯಾವ ಹಗೇವಿಗೂ ಇಳಿದವನಲ್ಲ. ಕೈ ಮುಗಿದು ಹಾಗೆಯೇ ಹೇಳಿಬಿಟ್ಟ.

ಬಸಂತರಾಯ ಕೆಂಪಗಾಗಿ ಎದ್ದ. "ಅಂದ್ರ ಇಷ್ಟು ದಿನ ನಿಮ್ಮ ಮನಿ ಕಳ್ಳನ್ನ ನಾವು ಸಾಕೀವಿ."

"ಸಾಕೀರಿ ಅಂದಮ್ಯಾಲೆ ನಾವು ಬೀಗರಾಗಿ ಆಗ್ಲೇ ಒಂದು ಕಾಲ ಆತಲ್ಲೋ ತಮ್ಮಾ. ಇನ್ನ ಯಾತರ ನಿಶ್ಚಯ? ಸಕ್ಕರಿ ಹಂಚ್ರಿ" ಅಂದಳು ಬಾಳಮ್ಮ. ಮೊದಲು ನಕ್ಕವನು ರೇವಪ್ಪ. ಆಮೇಲೆ ನಗದವರು ಯಾರೂ ಉಳಿಯಲಿಲ್ಲ.

ಮರುವರ್ಷ ಸುಗ್ಗಿ ಮುಗಿದ ಮೇಲೆ ಅಮಸಿದ್ದ ತಂಗಡಗಿಯಲ್ಲಿ ರೇವಪ್ಪನ ಮನೆ ಮುಂದೆ ಎತ್ತು ನಿಲ್ಲಿಸಿದ. ಮೊರದ ತುಂಬ ಜೋಳ ಹಿಡಿದು ಸೊಸೆ ಚನ್ನವ್ವ ಹೊರಗೆ ಬಂದಳು.

"ಯವ್ವಾ, ಮಲಕಾಜಪ್ಪನ ಹಂತೇಲಿ ಕೆಮ್ಮಲೋ, ಹೇಳಲೋ?" ಎಂದು ಸಣ್ಣ ದನಿಯಲ್ಲಿ ಕೇಳಿದ.

ಚನ್ನವ್ವ ಹಿಪ್ಪರಗಿಯ ದಿಕ್ಕಿಗೆ ಒಂದು ಗಳಿಗೆ ನೋಡಿದಳು.

"ಹೇಳಜ್ಜಾ. ತವರಮನಿಯಿಂದ ನನ್ನ ಜೋಡಿ ಬಂದಾಂವ ಆ ಕಳ್ಳ ಒಬ್ಬನ."