ನಾಳೆ ಟೈಲರ್ ಮತ್ತು ಅಕ್ಕನ ಜೇಬು

ಊರಿಗೆಲ್ಲ ಅವನು ‘ನಾಳೆ ಟೈಲರ್’. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಅದನ್ನು ಕೇಳುವವರು ಯಾರು? ಬ್ಲೌಸ್ ಕೇಳಿದರೆ ನಾಳೆ, ಪ್ಯಾಂಟಿನ ಜಿಪ್ ಕೇಳಿದರೂ ನಾಳೆ. ಬೈದು ಬೈದು ಸುಸ್ತಾದ ಗಿರಾಕಿಗಳು ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಅವನು ಹೊಲಿದ ತೋಳು ಕಂಕುಳಲ್ಲಿ ಎಂದೂ ಬಿಗಿಯುತ್ತಿರಲಿಲ್ಲ ನೋಡಿ.

ಆ ಮಧ್ಯಾಹ್ನ ಅಕ್ಕನ ಮಗಳು ಬಂದು ಇಸ್ತ್ರಿ ಮೇಜಿನ ತುದಿಯಲ್ಲಿ ಕೂತಳು. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು, ಸುಮ್ಮನೆ ಕೂರಲು ಬಾರದು.

“ಮಾಮ, ಗೊತ್ತಾ? ಸಮುದ್ರದ ತಳದಲ್ಲಿ ಅಷ್ಟು ದೊಡ್ಡ ಭೂಕಂಪ ಆಯ್ತಲ್ಲ, ಅದರಿಂದ ನಮ್ಮ ದಿನಾನೇ ಚಿಕ್ಕದಾಗಿರಬಹುದಂತೆ.”

“ಏನಂದೆ?”

“ಒಳಗಿನ ಬಂಡೆ ಒಂಚೂರು ನಡುವಿನ ಕಡೆಗೆ ಸರಿದ್ರೆ ಭೂಮಿ ಒಂಚೂರು ಬೇಗ ತಿರುಗುತ್ತೆ. ಕೈ ಚಾಚಿಕೊಂಡು ಗಿರಗಿರ ತಿರುಗೋ ಮಕ್ಕಳು ಕೈ ಮಡಚಿದ ತಕ್ಷಣ ಜೋರಾಗಿ ತಿರುಗಲ್ವಾ, ಹಾಗೆ.”

“ಅಂದ್ರೆ ಭೂಮಿ ಸೊಂಟಾನ ಸ್ವಲ್ಪ ಒಳಗೆ ಹಿಡಿದು ಹೊಲಿದ್ರು ಅನ್ನು!” ಟೈಲರನ ಮುಖ ಅರಳಿತು. “ಅಯ್ಯೋ ಪುಣ್ಯಾತಗಿತ್ತಿ, ಮೊದಲೇ ಹೇಳಬಾರದಾ? ದಿನಾನೇ ಗಿಡ್ಡ ಆದ್ರೆ ನಾನು ಬಟ್ಟೆ ಹೇಗೆ ಕೊಡ್ಲಿ?”

“ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಅಷ್ಟೇ, ಮಾಮ. ಅಷ್ಟರಲ್ಲಿ ನೀನು ಸೂಜಿಗೆ ದಾರಾನೂ ಪೋಣಿಸಲ್ಲ.”

ನಗುತ್ತಿದ್ದವಳ ಮುಖ ಸಣ್ಣಗಾಯಿತು. “ಅಮ್ಮನ ನೈಟಿ ಎಲ್ಲಿ? ಸಂಜೆ ಆಸ್ಪತ್ರೆಗೆ ಸೇರಿಸ್ಬೇಕು, ನಾಳೆ ಹೃದಯದ ಆಪರೇಷನ್. ತಮ್ಮ ಹೊಲಿದಿದ್ದೇ ಬೇಕು ಅಂತ ಹಟ ಹಿಡಿದು ಕೂತಿದಾಳೆ. ಡಾಕ್ಟರು ಏನನ್ನೂ ಗಟ್ಟಿಯಾಗಿ ಹೇಳ್ತಿಲ್ಲ.”

‘ನಾಳೆ’ ಎನ್ನಲು ತೆರೆದ ಬಾಯಿ ಹಾಗೇ ನಿಂತಿತು. ಬಟ್ಟೆ ಕತ್ತರಿಸಿ ಯಾವುದೋ ಕಾಲವಾಗಿತ್ತು. ಅಕ್ಕ ತಾನೇ, ಕಾಯುತ್ತಾಳೆ ಎಂದು ಊರವರ ಬಟ್ಟೆಗಳ ಅಡಿಗೆ ತಳ್ಳಿದ್ದ. ತಾಯಿಯಿಲ್ಲದ ಮನೆಯಲ್ಲಿ ಅವನ ಮೂಗು ಒರೆಸಿ, ತುತ್ತು ತಿನ್ನಿಸಿ, ಕಾಲು ಎಟುಕದ ವಯಸ್ಸಿನಲ್ಲೇ ಹೊಲಿಗೆ ಯಂತ್ರದ ಮುಂದೆ ಕೂರಿಸಿದವಳು ಅವಳು. ಅವಳಿಗೇ ಹೀಗೆ ಮಾಡಿದೆನಲ್ಲ ಎಂದು ಅಡಿಯಲ್ಲಿದ್ದ ಆ ಬಟ್ಟೆಯನ್ನು ಎಳೆದು ತೆಗೆದ.

ಪ್ಯಾಂಟು ಕೇಳಲು ಬಂದವನನ್ನು “ಇವತ್ತು ಅಕ್ಕನ ದಿನ, ನಡಿಯಪ್ಪ” ಎಂದು ಬಾಗಿಲಿನಿಂದಲೇ ಕಳಿಸಿದ. ತಲೆ ಎತ್ತದೆ ಹೊಲಿದ. ಡಾಕ್ಟರಿಗೆ ಸುಲಭವಾಗಲಿ ಎಂದು ಮುಂದೆ ಉದ್ದಕ್ಕೂ ಗುಂಡಿ ಇಟ್ಟ. ಕೊನೆಗೆ ಜೇಬನ್ನೂ ಮಡಚಿ ಇಸ್ತ್ರಿ ಮಾಡಿದ. ಅದನ್ನು ನೈಟಿಯ ಮೇಲೆ ಇಟ್ಟು ನೋಡಿದ, ಆಮೇಲೆ ಹೊಲಿಯದೆ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಸಂಜೆ ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಹೊಸ ನೈಟಿ ತೊಟ್ಟು ಕೂತಿದ್ದಳು. ತೋಳು ಎತ್ತಿ ನೋಡಿದಳು, ಗುಂಡಿಗಳನ್ನು ಸವರಿದಳು. ಆಮೇಲೆ ಕೈ ಪಕ್ಕದಲ್ಲಿ ತಡಕಾಡಿತು.

“ಲೋ, ಜೇಬೆಲ್ಲೋ? ಕರವಸ್ತ್ರ ಎಲ್ಲಿಟ್ಕೊಳ್ಳಲಿ?”

“ನಾಳೆ ಇಟ್ಟುಕೊಡ್ತೀನಿ, ಅಕ್ಕ.”

ಅವನ ಅಂಗಿಯ ಜೇಬಿನಿಂದ ನೈಟಿಯದೇ ಹೂವಿನ ಬಟ್ಟೆಯ ತುದಿ ಇಣುಕುತ್ತಿದ್ದುದು ಅಕ್ಕನ ಕಣ್ಣಿಗೆ ಬಿತ್ತು. ಜೀವಮಾನವಿಡೀ ಆ ಒಂದು ಮಾತಿಗೆ ಅವನನ್ನು ಬೈದವಳು, ಈಗ ಅವನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

“ನಾಳೆ ಅಂದ್ರೆ ನಾಳೆ ಕಣೋ,” ಎಂದಳು. “ಈ ಸಲ ನೀನೂ ತಪ್ಪಿಸಬೇಡ, ನಾನೂ ತಪ್ಪಿಸಲ್ಲ.”