ಅತ್ತೆಯ ಗಡ್ಡಿ, ನಮ್ಮ ಅಂಡಮಾನ್

“ಸುತ್ತೆಲ್ಲ ನೀರು, ನಡುವ ಊರು. ಇದು ಗಡ್ಡಿ ಅಲ್ಲೇನವ್ವಾ? ಗಡ್ಡಿಯಿಂದ ಪಾರಾಗಬೇಕಂತನ ನಾನು ನಿಮ್ಮ ಮಾವಗ ಹೂಂ ಅಂದಿದ್ದೆ!”

ಶಹಾಪುರದ ನಮ್ಮ ಮನೆಯಲ್ಲಿ ಅಂಡಮಾನ್ ಪ್ರವಾಸದ ಮಾತು ನಡೆದಿತ್ತು. ಮೊಬೈಲಿನಲ್ಲಿ ದ್ವೀಪದ ಚಿತ್ರ ನೋಡಿ ಅತ್ತೆ ಹೀಗೆಂದಾಗ ಯಜಮಾನರೂ ನಾನೂ ಬಿದ್ದು ಬಿದ್ದು ನಕ್ಕೆವು. ಅತ್ತೆ ಹುಟ್ಟಿದ್ದು ಸುರಪುರದ ಕಡೆ, ಕೃಷ್ಣಾ ನದಿಯ ನಡುಗಡ್ಡೆಯಲ್ಲಿ. ಹೊಳೆ ಬಂದರೆ, ಅಂದರೆ ನೆರೆ ಏರಿದರೆ, ಅಲ್ಲಿಯವರು ವಾರಗಟ್ಟಲೆ ದಡ ಕಾಣುತ್ತಿರಲಿಲ್ಲ. ಇನ್ನು ಇವರು ಬರಲಾರರೆಂದು ನಾವಿಬ್ಬರೇ ಹೋಗುವ ಲೆಕ್ಕ ಹಾಕಿದೆವು.

ಮರುದಿನ ಅಡುಗೆಮನೆಗೆ ಹೋದರೆ ಖಡಕ್ ರೊಟ್ಟಿಯ ಗೋಪುರವೇ ಎದ್ದಿತ್ತು! ಪಕ್ಕದಲ್ಲಿ ಡಬ್ಬಿ ತುಂಬ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. “ಇದು ಸರಿ ಐತೋ ಇಲ್ಲೋ ನೋಡಾಕ ಮಾಡೀನಿ. ಹೋಗೋಮುಂದ ಇಷ್ಟರ ಕಟ್ಟಿಕೊಳ್ಳಬೇಕು” ಎಂದರು ಅತ್ತೆ.

“ಇಷ್ಟು ಯಾಕ್ರಿ ಅತ್ತಿ?”

“ಹೊಳಿ ಬಂದ್ರ ಗಡ್ಡಿಯೊಳಗ ಏನ್ ತಿಂತೀರಿ? ನಿಮಗೇನೂ ತಿಳಿಯಂಗಿಲ್ಲ. ನನ್ನ ಟಿಕೇಟೂ ತಗೀರಿ, ನಾನೂ ಬರ್ತೀನಿ.”

ಈಗ ಮೂವರ ಟಿಕೆಟ್ ಆಗಿದೆ. ಸಮುದ್ರಕ್ಕೆ ಹೊಳೆ ಬರುವುದಿಲ್ಲವೆಂದು ಅತ್ತೆಗೆ ನಾವಿನ್ನೂ ಹೇಳಿಲ್ಲ. ಹೇಳಿದರೆ ಎಲ್ಲಿ ಮನೆಯಲ್ಲೇ ಉಳಿದುಬಿಡುತ್ತಾರೋ ಎಂಬ ಭಯ ನಮಗೆ.