ಅಕ್ಕನ ಮನೆ ಸೇರಿದ ಕುರ್ಚಿ

ಬೀದಿಗೆಲ್ಲ ಅವನು ಕತ್ತರಿಯಣ್ಣ. ಇಪ್ಪತ್ತೆರಡು ವರ್ಷ ಒಂದೇ ತಿರುಗುವ ಕುರ್ಚಿಯ ಸುತ್ತ ನಿಂತು ಜನರ ಕೂದಲು ಕತ್ತರಿಸಿದವನು. ಆಸೆಗೆ ಬಿದ್ದು, ಸಾಲ ಮಾಡಿ ಎರಡನೇ ಅಂಗಡಿ ತೆರೆದ. ಅದು ಒಂದೂವರೆ ವರ್ಷಕ್ಕೆ ಬಾಗಿಲು ಹಾಕಿತು, ಬಡ್ಡಿ ಮಾತ್ರ ಬೆಳೆಯುತ್ತಲೇ ಹೋಯಿತು. ಕೊನೆಗೆ ದಿವಾಳಿ ಅರ್ಜಿ ಹಾಕುವುದೆಂದು ಮನಸ್ಸು ಗಟ್ಟಿ ಮಾಡಿದ.

ಅದಕ್ಕೆ ಕಾನೂನು ತಿಳಿಯಬೇಕಲ್ಲ? ಅವನು ತಿಳಿದದ್ದು ಗಿರಾಕಿಗಳ ಬಾಯಿಂದ. ಕತ್ತಿಗೆ ಕತ್ತು ಕೊಟ್ಟು ಕೂತವರು ಪುಕ್ಕಟೆ ಸಲಹೆಯಲ್ಲಿ ಬಲು ಧಾರಾಳಿಗಳು.

“ಮೊದಲು ಎಲ್ಲಾನೂ ಬೇರೆಯವರ ಹೆಸರಿಗೆ ಮಾಡ್ಬಿಡು. ಇಲ್ಲಾಂದ್ರೆ ಈ ಕುರ್ಚೀನೂ ಎತ್ಕೊಂಡು ಹೋಗ್ತಾರೆ,” ಎಂದ, ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಒಬ್ಬ ಪಿಂಚಣಿದಾರ.

ಕುರ್ಚಿ ಹೋದರೆ ಅನ್ನವೇ ಹೋದಂತೆ. ಆ ವಾರವೇ ಭಾವನಿಗೆ ಮಾರಿದೆನೆಂದು ಚೀಟಿ ಬರೆದು ಕುರ್ಚಿಯನ್ನು ಅಕ್ಕನ ಮನೆಗೆ ಸಾಗಿಸಿದ. ಭಾವ ಅದರಲ್ಲಿ ಕೂತು ಪೇಪರ್ ಓದತೊಡಗಿದರು. ಇಲ್ಲಿ ಸ್ಟೂಲಿನ ಮೇಲೆ ಕೂತು ಬೆನ್ನು ನೋಯಿಸಿಕೊಂಡ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹುಡುಕಿಕೊಂಡರು.

ಅರ್ಜಿ ತುಂಬಿಸಲು ಉಚಿತ ಸಲಹಾ ಕಚೇರಿಗೆ ಹೋದಾಗ ವಕೀಲೆ ಕೇಳಿದರು, “ದುಡಿಯೋ ಸಾಮಾನು ಏನೇನಿದೆ?”

“ಕತ್ತರಿ, ಬಾಚಣಿಗೆ...”

“ಕುರ್ಚಿ ಇಲ್ಲದ ಕಟಿಂಗ್ ಶಾಪಾ?”

ಕತ್ತರಿಯಣ್ಣ ನಡೆದದ್ದನ್ನೆಲ್ಲ ಹೇಳಿಬಿಟ್ಟ.

ವಕೀಲೆ ಪೆನ್ನು ಕೆಳಗಿಟ್ಟರು. “ಅಲ್ಲಾರೀ, ಕಸುಬಿನ ಸಾಮಾನನ್ನ ಕಾನೂನು ನಿಮಗೇ ಬಿಡುತ್ತೆ. ಅಂಗಡೀಲಿದ್ದಿದ್ರೆ ಆ ಕುರ್ಚೀನ ಯಾರೂ ಮುಟ್ತಿರ್ಲಿಲ್ಲ. ಬಚ್ಚಿಟ್ರಿ ನೋಡಿ, ಅದೇ ತಪ್ಪು. ಹೀಗೇ ಅರ್ಜಿ ಹಾಕಿದ್ರೆ ಕುರ್ಚೀನೂ ಹೋಗ್ಬಹುದು, ಅರ್ಜೀನೂ ಬಿದ್ದು ಹೋಗ್ಬಹುದು.”

“ಈಗ ಏನ್ ಮಾಡ್ಲಿ ಮೇಡಂ?”

“ವಾಪಸ್ ತನ್ನಿ. ಕೊಟ್ಟಿದ್ದು, ತಂದಿದ್ದು ಎರಡನ್ನೂ ತಾರೀಕು ಸಮೇತ ಬರೀರಿ. ಮುಚ್ಚಿಡದೆ ಬಂದವರು ಮತ್ತೆ ಎದ್ದು ನಿಲ್ಲಲಿ ಅಂತಲೇ ಈ ಕಾನೂನು ಇರೋದು.”

ಅವನಿಗೆ ನಾಚಿಕೆಯೂ ಆಯಿತು, ಎಷ್ಟೋ ತಿಂಗಳ ಮೇಲೆ ಉಸಿರೂ ಬಂತು.

ಮರುದಿನ ಭಾವ ತಾವೇ ಗಾಡಿ ಹಿಡಿದು ಕುರ್ಚಿ ತಂದರು. ಚೀಟಿ ಹರಿಯಲು ಹೋದವರನ್ನು ಕತ್ತರಿಯಣ್ಣ ತಡೆದ. “ಬೇಡ ಭಾವ, ಅದನ್ನೂ ತೋರಿಸ್ಬೇಕಂತೆ. ಇನ್ನು ಅರ್ಜೀಲಿ ‘ಆದಾಯ’ ಅನ್ನೋ ಕಾಲಮ್ಮೊಂದು ಉಳಿದಿದೆ. ಈ ವಾರ ಏನು ಬರೀಲಿ?”

ಭಾವ ಕುರ್ಚಿಗೆ ಹತ್ತಿ ಕೂತು ಟವೆಲ್ ತಾವೇ ಹೊದ್ದುಕೊಂಡರು. ಕಟಿಂಗ್ ಮುಗಿದ ಮೇಲೆ ಪೂರ್ತಿ ದುಡ್ಡು ಎಣಿಸಿ ಕೊಟ್ಟರು.

“ನಿಮ್ಮ ಹತ್ರ ದುಡ್ಡು ತಗೊಳ್ಳೋದಾ ಭಾವ?”

“ತಗೊಳ್ಳೋ. ಕಾಲಮ್ಮು ಖಾಲಿ ಬಿಡಬಾರದು. ಬರ್ಕೋ.”